ಗುಂಡಿಯ ಚೆಕ್ಕುಬಂದಿ

ಇವರಿಗೆ,
ವ್ಯವಸ್ಥಾಪಕರು,
ನಮ್ಮ ಊರಿನ ಕುಡಿಯುವ ನೀರಿನ ಕೊಳವೆ ಕಾಮಗಾರಿಯ ಗುತ್ತಿಗೆ ಕಂಪನಿ.

ವಿಷಯ: ನೀವು ಅಗೆದು ಅರ್ಧಂಬರ್ಧ ಮುಚ್ಚಿದ ಗುಂಡಿಗೆ ಬಿದ್ದು ನನ್ನ ಬಲಗೈ ಮುರಿದಿರುವ ಬಗ್ಗೆ.
ಉಲ್ಲೇಖ: ಆರು ದೂರವಾಣಿ ಕರೆ, ಎರಡು ಖುದ್ದು ಭೇಟಿ, ಒಂದು ಹೆಬ್ಬೆಟ್ಟಿನ ಗುರುತು.

ಮಾನ್ಯರೇ,

ಉಪನೋಂದಣಾಧಿಕಾರಿ ಕಚೇರಿಯ ಎದುರು 26 ವರ್ಷಗಳಿಂದ ದಸ್ತಾವೇಜು ಬರೆದು ಬದುಕುತ್ತಿರುವವನು ನಾನು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಮರಣಶಾಸನ ಎಲ್ಲವನ್ನೂ ಬರೆದಿದ್ದೇನೆ. ಆದರೆ ಈ ಪತ್ರವನ್ನು ನಾನು ಹೇಳುತ್ತಿದ್ದೇನೆ, ಮಗಳು ಟೈಪ್ ಮಾಡುತ್ತಿದ್ದಾಳೆ. ಕಾರಣ ವಿಷಯದ ಸಾಲಿನಲ್ಲಿದೆ. ಸಿಟ್ಟು ಮಾಡಿಕೊಳ್ಳದೆ ಹೇಳಿ ಎಂದು ಅವಳು ಷರತ್ತು ಹಾಕಿದ್ದಾಳೆ. ಪ್ರಯತ್ನಿಸುತ್ತೇನೆ.

ದಸರೆಗೆ ಮುಂಚೆ ನಮ್ಮ ಬೀದಿಯನ್ನು ಅಗೆದಿರಿ. ಪೈಪು ಹಾಕಿದಿರಿ, ಮಣ್ಣು ಎಳೆದಿರಿ, ಹೋದಿರಿ. ಮಳೆಗೆ ಮಣ್ಣು ಕುಸಿಯಿತು. ಅಕ್ಟೋಬರ್ 28ರ ಸಂಜೆ ಏಳೂವರೆಗೆ ಕರೆಂಟ್ ಇರಲಿಲ್ಲ, ಗುಂಡಿಯ ತುಂಬ ನೀರಿತ್ತು, ಸುತ್ತ ಒಂದು ಕೆಂಪು ಬಟ್ಟೆಯೂ ಇರಲಿಲ್ಲ. ನನ್ನ ಸ್ಕೂಟರಿನ ಮುಂದಿನ ಚಕ್ರ ಅದರೊಳಗೆ ಇಳಿಯಿತು. ಬಲಗೈ ಊರಿದೆ. ಮಣಿಕಟ್ಟಿನ ಮೂಳೆ ಎರಡು ಕಡೆ ಮುರಿಯಿತು. ಈಗ ಒಳಗೆ ಒಂದು ಪ್ಲೇಟ್, ಆರು ಸ್ಕ್ರೂ ಇವೆ. ಹೆಬ್ಬೆರಳೂ ತೋರುಬೆರಳೂ ಇನ್ನೂ ಒಂದನ್ನೊಂದು ಮುಟ್ಟುವುದಿಲ್ಲ. ಪೆನ್ನು ಹಿಡಿಯುವುದು ಯಾವ ಬೆರಳುಗಳಿಂದ ಎಂದು ನಿಮಗೆ ಹೇಳಬೇಕಾಗಿಲ್ಲ.

ಮೊದಲ ಐದು ಕರೆಗಳಲ್ಲಿ ನಿಮ್ಮವರು ಸೈಟ್ ಎಂಜಿನಿಯರ್ ಊರಿನಲ್ಲಿಲ್ಲ ಎಂದರು. ಆರನೆಯದರಲ್ಲಿ, ‘ಅದು ನಮ್ಮ ಗುಂಡಿ ಎನ್ನುವುದಕ್ಕೆ ಏನು ದಾಖಲೆ?’ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ನನ್ನ ಕಸುಬಿನ ಪ್ರಶ್ನೆ. ಆದ್ದರಿಂದ ಬರೆದುಕೊಳ್ಳಿ:

ಸದರಿ ಗುಂಡಿಯ ಚೆಕ್ಕುಬಂದಿ. ಪೂರ್ವಕ್ಕೆ ಬೇಕರಿಯ ಮೆಟ್ಟಿಲು. ಪಶ್ಚಿಮಕ್ಕೆ ಹಿಟ್ಟಿನ ಗಿರಣಿಯ ಚರಂಡಿ. ಉತ್ತರಕ್ಕೆ ನಿಮ್ಮವರು ಬಿಟ್ಟುಹೋದ, ನೀಲಿ ಗೆರೆಯ ಕಪ್ಪು ಪೈಪಿನ ತುಂಡು. ದಕ್ಷಿಣಕ್ಕೆ ನಿಮ್ಮ ಕಂಪನಿಯ ಹೆಸರನ್ನೇ ಅಚ್ಚೊತ್ತಿದ ವಾಲ್ವ್ ಮುಚ್ಚಳ. ಉದ್ದ 4 ಅಡಿ, ಅಗಲ 2 ಅಡಿ, ಆಳ 9 ಅಂಗುಲ. ಸ್ವತ್ತಿನ ಜೊತೆ ಸಲ್ಲುವವೆಂದು ಕ್ರಯಪತ್ರದಲ್ಲಿ ಬರೆಯುವ ಅಷ್ಟಭೋಗಗಳ ಪೈಕಿ ಜಲ, ಪಾಷಾಣ ಎರಡೂ ಧಾರಾಳ. ಇಷ್ಟು ನಿಖರವಾದ ಚೆಕ್ಕುಬಂದಿ ಇರುವ ಸ್ವತ್ತು ನಮ್ಮ ತಾಲ್ಲೂಕಿನಲ್ಲಿ ಅಪರೂಪ.

ಇನ್ನು ನವೆಂಬರಿನ ಎರಡನೆಯ ಭೇಟಿ. ಮಗಳು ಇದನ್ನು ಬಿಟ್ಟುಬಿಡಿ ಎನ್ನುತ್ತಾಳೆ. ಬಿಡುವುದಿಲ್ಲ.

ನಿಮ್ಮ ಕಚೇರಿಯಲ್ಲಿ ನನ್ನನ್ನು ಒಂದು ಗಂಟೆ ಹತ್ತು ನಿಮಿಷ ಕೂರಿಸಿದರು. ಕೂರಿಸಿದರು ಎಂದದ್ದು ಉಪಚಾರಕ್ಕೆ. ಇದ್ದ ಒಂದೇ ಕುರ್ಚಿಯ ಮೇಲೆ ನಕ್ಷೆಯ ಸುರುಳಿಗಳಿದ್ದವು. ಆಮೇಲೆ ಒಳಗೆ ಕರೆದ ಯುವಕ ಮೊದಲು ಕೇಳಿದ್ದು, ‘ಹೆಲ್ಮೆಟ್ ಹಾಕಿದ್ದಿರಾ?’ ಹಾಕಿದ್ದೆ. ಹೆಲ್ಮೆಟನ್ನು ಮಣಿಕಟ್ಟಿಗೆ ಹಾಕಿಕೊಳ್ಳಬೇಕು ಎಂಬ ನಿಯಮ ನನಗೆ ಗೊತ್ತಿರಲಿಲ್ಲ. ನಂತರ, ‘ಅದು ಗುಂಡಿ ಅಲ್ಲ, ಮಣ್ಣು ಸೆಟಲ್ ಆಗಿರುವುದು’ ಎಂದು ತಿದ್ದಿದ. ನಂತರ, ‘ಮಾನವೀಯತೆಯ ದೃಷ್ಟಿಯಿಂದ 3,000 ರೂಪಾಯಿ ಕೊಡಬಹುದು’ ಎಂದು ಒಂದು ಅರ್ಜಿ ನಮೂನೆ ಮುಂದಿಟ್ಟ. ಹಣ ಬೇಡ ಎನ್ನಲು ಬಾಯಿ ತೆರೆದವನು ಸುಮ್ಮನಾದೆ. ಆ ವಾರ ಫಿಸಿಯೋಥೆರಪಿಯ ಬಾಕಿ ಇತ್ತು.

ನಮೂನೆಯ ಕೆಳಗೆ ಬರೆದಿತ್ತು: ‘ಅರ್ಜಿದಾರರು ಸ್ವಹಸ್ತಾಕ್ಷರದಲ್ಲಿ ತುಂಬತಕ್ಕದ್ದು.’

ಬ್ಯಾಂಡೇಜ್ ಸುತ್ತಿದ ಬಲಗೈ ತೋರಿಸಿದೆ. ಅವನು ನೋಡಿದ. ‘ರೂಲ್ಸ್ ಸರ್’ ಎಂದ. ಎಡಗೈಯಲ್ಲಿ ಬರೆದೆ. ನನ್ನ ಹೆಸರು ಒಂದನೆಯ ತರಗತಿಯ ಹುಡುಗನ ಸ್ಲೇಟಿನ ಹಾಗೆ ಬಂತು, ತಲಕಟ್ಟು ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ. ಅವನು ಆಧಾರ್ ಪ್ರತಿಯ ಮೇಲೆ ನಾನು ಮೊದಲೆಂದೋ ಹಾಕಿದ್ದ ಸಹಿಯ ಪಕ್ಕಕ್ಕೆ ಅದನ್ನು ಹಿಡಿದು, ‘ಹೊಂದುವುದಿಲ್ಲ’ ಎಂದ. ಆಮೇಲೆ ಸ್ಟಾಂಪ್ ಪ್ಯಾಡನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿ, ‘ಎಡಗೈ ಹೆಬ್ಬೆಟ್ಟು ಒತ್ತಿ ಅಜ್ಜ, ಸಾಕು’ ಎಂದ. ನನಗೆ 54 ವರ್ಷ.

26 ವರ್ಷಗಳಲ್ಲಿ ಎಷ್ಟು ಜನರ ಬೆರಳು ಹಿಡಿದು ಹೆಬ್ಬೆಟ್ಟು ಒತ್ತಿಸಿದ್ದೇನೋ ಲೆಕ್ಕವಿಲ್ಲ. ಒಬ್ಬರಿಗೂ ಪ್ಯಾಡ್ ತಳ್ಳಿಲ್ಲ. ಒತ್ತಿದ ಮೇಲೆ ಮಸಿ ಒರೆಸಿಕೊಳ್ಳಲು ಬಟ್ಟೆ ಕೊಡುತ್ತೇನೆ. ನಿಮ್ಮಲ್ಲಿ ಬಟ್ಟೆಯೂ ಇರಲಿಲ್ಲ. ಪ್ಯಾಂಟಿಗೆ ಒರೆಸಿಕೊಂಡು ಬಂದೆ. ಆ 3,000 ಇಂದಿಗೂ ಬಂದಿಲ್ಲ. ಸ್ಕೂಟರಿನ ವಿಮೆ ಕೇಳಿ ಎಂದು ಮೊನ್ನೆ ಫೋನಿನಲ್ಲಿ ಉಪದೇಶ ಬಂತು. ಮಾಲೀಕ ಚಾಲಕನ ಆ 15 ಲಕ್ಷದ ಅಪಘಾತ ವಿಮೆಯಲ್ಲಿ ಕೈ ಮುರಿದರೆ ಏನೂ ಇಲ್ಲ, ಕೈಯೇ ಹೋದರೆ ಅರ್ಧ ಉಂಟು. ನಿಮ್ಮ ಗುಂಡಿ ಇನ್ನೊಂದು ಅಡಿ ಆಳವಿದ್ದಿದ್ದರೆ ನೋಡಬಹುದಿತ್ತು.

ಈಗ ಕಾನೂನು. ನಿಮಗೆ ಗೊತ್ತಿರುವುದೇ, ಆದರೂ ವಾಡಿಕೆಯಂತೆ ಓದಿ ಹೇಳುತ್ತೇನೆ. ಕೆಲಸ ನಡೆಯುವಲ್ಲಿ ತಡೆ, ಫಲಕ, ದೀಪ ಎಲ್ಲಿ ಹೇಗಿರಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಸ್‌ಪಿ 55 ಎಂಬ ಮಾರ್ಗಸೂಚಿಯನ್ನೇ ಹೊರಡಿಸಿದೆ. ಅಗೆದ ರಸ್ತೆಯನ್ನು ಮೊದಲಿನಂತೆ ಮಾಡಿಕೊಡುವ ಷರತ್ತೂ, ಕೆಲಸ ಕೆಟ್ಟರೆ ನೀವೇ ಸರಿಪಡಿಸಬೇಕಾದ ದೋಷ ಹೊಣೆಗಾರಿಕೆ ಅವಧಿಯೂ ನಿಮ್ಮ ಕರಾರಿನಲ್ಲಿ ಎಷ್ಟನೆಯ ಪುಟದಲ್ಲಿವೆ ಎಂದು ತಿಳಿಯಲು ನಗರಸಭೆಗೆ ಮಾಹಿತಿ ಹಕ್ಕು ಅರ್ಜಿ ಹಾಕಿದ್ದೇನೆ. ರಸ್ತೆಯ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯವಾದರೆ ಗುತ್ತಿಗೆದಾರನಿಗೆ 1 ಲಕ್ಷದವರೆಗೆ ದಂಡ ಎಂದು ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 198ಎ ಕಲಂ ಸೇರಿದೆ. ಆ ದಂಡ ನನಗೆ ಬರುವುದಿಲ್ಲ, ನಿಧಿಗೆ ಹೋಗುತ್ತದೆ. ಅಡ್ಡಿಯಿಲ್ಲ, ನೀವು ಕಟ್ಟುವುದನ್ನು ನೋಡಿದರೂ ಸಾಕು. ಬೆರಳುಗಳ ಬಗ್ಗೆ ವೈಕಲ್ಯ ಪ್ರಮಾಣಪತ್ರಕ್ಕೆ ಜಿಲ್ಲಾಸ್ಪತ್ರೆಯಲ್ಲಿ ಅರ್ಜಿ ಕೊಟ್ಟಿದ್ದೇನೆ.

ಠಾಣೆಯಲ್ಲಿ ಮೊದಲು ‘ನಿಯಂತ್ರಣ ತಪ್ಪಿ ತಾನೇ ಬಿದ್ದು’ ಎಂದು ಬರೆದುಕೊಂಡಿದ್ದರು. ಪತ್ರ ಬರೆಯುವವನಿಗೆ ‘ತಾನೇ’ ಎಂಬ ಎರಡಕ್ಷರದ ಬೆಲೆ ಗೊತ್ತು. ಆಸ್ಪತ್ರೆಯ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ದಾಖಲೆ, ಎಕ್ಸ್‌ರೇ, ಬೇಕರಿಯವರು ಅಂದೇ ತೆಗೆದ ಫೋಟೊ ಜೋಡಿಸಿ ಹೊಸ ದೂರು ಕೊಡುತ್ತಿದ್ದೇನೆ. ಮೂಳೆ ಮುರಿತ ಭಾರತೀಯ ನ್ಯಾಯ ಸಂಹಿತೆಯಲ್ಲಿ ತೀವ್ರ ಗಾಯ. ನಿರ್ಲಕ್ಷ್ಯದಿಂದ ಅದನ್ನು ಉಂಟುಮಾಡಿದವರಿಗೆ 125ನೆಯ ಕಲಂನಲ್ಲಿ 3 ವರ್ಷದವರೆಗೆ ಶಿಕ್ಷೆಯಿದೆ.

ಪರಿಹಾರದ ದಾವೆ ಬೇರೆ. ಬೆಂಗಳೂರಿನ ಗುಂಡಿಗಳ ಪ್ರಕರಣದಲ್ಲಿ ನಮ್ಮ ಹೈಕೋರ್ಟ್ 2019ರಲ್ಲೇ ಸುಸ್ಥಿತಿಯ ರಸ್ತೆಯನ್ನು 21ನೆಯ ವಿಧಿಯ ಬದುಕುವ ಹಕ್ಕಿಗೆ ಸೇರಿಸಿದೆ. ನಾನು ಬೀಳುವ ಹದಿನೈದು ದಿನ ಮುಂಚೆ, 2025ರ ಅಕ್ಟೋಬರ್ 13ರಂದು, ಬಾಂಬೆ ಹೈಕೋರ್ಟ್ ಗುಂಡಿಯಿಂದ ಗಾಯಗೊಂಡವರಿಗೆ 50,000ದಿಂದ 2.5 ಲಕ್ಷದವರೆಗೆ ಕೊಡಬೇಕೆಂದು ಆದೇಶಿಸಿತು. ಅದು ಮಹಾರಾಷ್ಟ್ರದ ಮಾತು ಎನ್ನುತ್ತೀರಿ. ಹೌದು. ಮೂಳೆ ಮಾತ್ರ ಎರಡೂ ರಾಜ್ಯದಲ್ಲಿ ಒಂದೇ ಥರ ಮುರಿಯುತ್ತದೆ ಎಂದು ನಮ್ಮ ವಕೀಲರು ವಾದಿಸಲಿದ್ದಾರೆ.

ಆಸ್ಪತ್ರೆ ಖರ್ಚು 1,18,400 ರೂಪಾಯಿ. ಮೂರು ತಿಂಗಳು ದುಡಿಮೆ ಇಲ್ಲ. ಆಸ್ತಿ ನೋಂದಣಿಗೆ ಕಾವೇರಿ ತಂತ್ರಾಂಶ ಬಂದ ಮೇಲೆ ನಮ್ಮ ಕಸುಬು ಮೊದಲೇ ಸೊರಗಿತ್ತು. ಉಳಿದಿದ್ದ ಕಕ್ಷಿದಾರರೂ ಪಕ್ಕದ ಮೇಜಿಗೆ ಹೋಗಿದ್ದಾರೆ. ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಕೊಡಿ. ಕೊಡದಿದ್ದರೂ ಬೇಸರವಿಲ್ಲ. ನಿಜ ಹೇಳಬೇಕೆಂದರೆ, ಕೊಡದಿದ್ದರೇ ನನಗೆ ಇಷ್ಟ. ಸಾಕ್ಷಿ ಕಟಕಟೆಯಲ್ಲಿ ಆ ಯುವಕನಿಂದ ನಮೂನೆಯ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿಸಬೇಕೆಂಬ ಆಸೆ ಇದೆ.

ಗುಂಡಿ ಇನ್ನೂ ಅಲ್ಲೇ ಇದೆ. ಮೇಲಿನ ಚೆಕ್ಕುಬಂದಿಯಲ್ಲಿ ಒಂದೇ ಬದಲಾವಣೆ: ಉತ್ತರದ ಪೈಪಿನ ತುಂಡು ಈಗ ನನ್ನ ಮನೆಯಲ್ಲಿದೆ.

ಇತಿ,
ದಸ್ತಾವೇಜು ಬರಹಗಾರ
(ಎಡಗೈ ಹೆಬ್ಬೆಟ್ಟಿನ ಗುರುತು. ಮಾದರಿ ನಿಮ್ಮ ಕಡತದಲ್ಲಿದೆ, ಹೊಂದಿಸಿ ನೋಡಿಕೊಳ್ಳಿ.)