ರೈಲು ಸಾಗಣೆ ದರಕ್ಕೆ ಸ್ವತಂತ್ರ ನಿಯಂತ್ರಣ ಬೇಕು

ಮಾನ್ಯ ಸಂಪಾದಕರೇ,

ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಸೋನಾಮಸೂರಿ ಅಕ್ಕಿಗೆ ಒಳ್ಳೆಯ ಬ್ರ್ಯಾಂಡ್ ಹೆಸರು, ಅಂದವಾದ ಚೀಲ, ಒಂದಿಷ್ಟು ಜಾಹೀರಾತು ಸಿಕ್ಕರೆ ಹೊರರಾಜ್ಯಗಳ ಮಾರುಕಟ್ಟೆ ತಾನಾಗಿ ಒಲಿಯುತ್ತದೆ ಎಂಬ ಮಾತು ಈಚೆಗೆ ಪತ್ರಿಕೆಗಳಲ್ಲಿಯೂ ಸಭೆಗಳಲ್ಲಿಯೂ ಪದೇ ಪದೇ ಕೇಳಿಬರುತ್ತಿದೆ. ಬ್ರ್ಯಾಂಡ್ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಗಿರಣಿಯಿಂದ ಸಗಟು ವರ್ತಕರಿಗೆ, ಗಣಿಯಿಂದ ಕಾರ್ಖಾನೆಗೆ ನಡೆಯುವ ವ್ಯಾಪಾರದಲ್ಲಿ ಕೊಳ್ಳುವವರು ಮೊದಲು ವಿಚಾರಿಸುವುದು, ಸರಕು ತಮ್ಮೂರಿಗೆ ಬಂದು ಮುಟ್ಟುವಾಗ ಕ್ವಿಂಟಲ್‌ಗೆ ಎಷ್ಟು ಬೀಳುತ್ತದೆ ಎಂಬುದನ್ನು. ಅದರಲ್ಲಿ ಸಾಗಣೆ ದರದ ಪಾಲು ದೊಡ್ಡದು. ಆ ದರವನ್ನು ಯಾರು, ಯಾವ ಆಧಾರದ ಮೇಲೆ ಗೊತ್ತುಪಡಿಸುತ್ತಾರೆ, ಅದು ಅನ್ಯಾಯವೆನಿಸಿದರೆ ಯಾರ ಬಳಿ ದೂರು ಒಯ್ಯಬೇಕು ಎಂಬುದು ಮಾತ್ರ ನಮ್ಮಲ್ಲಿ ಚರ್ಚೆಗೇ ಬರುವುದಿಲ್ಲ.

ಈ ಪ್ರಶ್ನೆ ಅಮೆರಿಕದ ರೈತರನ್ನು ಕಾಡಿದ್ದು ಸುಮಾರು ನೂರೈವತ್ತು ವರ್ಷಗಳ ಹಿಂದೆ. ಇಲಿನಾಯ್ ರಾಜ್ಯದ ಪಿಯೋರಿಯಾ ಮತ್ತು ಗಿಲ್ಮನ್ ಎಂಬ ಎರಡು ಊರುಗಳಿಂದ ನ್ಯೂಯಾರ್ಕಿಗೆ ಒಂದೇ ಬಗೆಯ ಸರಕು ಹೋಗುತ್ತಿತ್ತು. ನೂರು ಪೌಂಡಿಗೆ ಪಿಯೋರಿಯಾದವರು 15 ಸೆಂಟ್ ಕೊಟ್ಟರೆ ಗಿಲ್ಮನ್‌ನವರು 25 ಸೆಂಟ್ ಕೊಡಬೇಕಾಗಿತ್ತು. ವಿಚಿತ್ರವೆಂದರೆ ನ್ಯೂಯಾರ್ಕಿಗೆ 86 ಮೈಲು ಹತ್ತಿರವಿದ್ದದ್ದು ಗಿಲ್ಮನ್. ರೈಲು ಕಂಪನಿಗಳ ನಡುವೆ ಪೈಪೋಟಿ ಇದ್ದ ಕಡೆ ದರ ಇಳಿಯುತ್ತಿತ್ತು, ಒಂದೇ ಕಂಪನಿಯ ಹಳಿಯನ್ನು ನಂಬಿಕೊಂಡ ಊರು ಆ ನಷ್ಟವನ್ನು ತುಂಬಿಕೊಡುತ್ತಿತ್ತು. ಇಲಿನಾಯ್ ರಾಜ್ಯ ಇದನ್ನು ಕಾನೂನಿನಿಂದ ತಡೆಯಲು ಹೋದಾಗ, ರಾಜ್ಯದ ಗಡಿ ದಾಟುವ ಸಾಗಣೆಯ ಮೇಲೆ ರಾಜ್ಯಕ್ಕೆ ಅಧಿಕಾರವಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1886ರಲ್ಲಿ ತೀರ್ಪಿತ್ತಿತು. ಮರುವರ್ಷವೇ, 1887ರಲ್ಲಿ, ಅಮೆರಿಕದ ಸಂಸತ್ತು ಅಂತರರಾಜ್ಯ ವಾಣಿಜ್ಯ ಕಾಯ್ದೆಯನ್ನು ತಂದು ಐದು ಸದಸ್ಯರ ಆಯೋಗವನ್ನು ನೇಮಿಸಿತು. ದರಪಟ್ಟಿಯನ್ನು ಬಹಿರಂಗವಾಗಿ ಪ್ರಕಟಿಸಬೇಕು, ಅದೇ ಮಾರ್ಗದಲ್ಲಿ ಹತ್ತಿರದ ಊರಿಗೆ ದೂರದ ಊರಿಗಿಂತ ಹೆಚ್ಚು ವಸೂಲು ಮಾಡಬಾರದು ಎಂಬುವು ಅದರ ತಿರುಳು.

ಬಹಿರಂಗ ದರಪಟ್ಟಿಗೆ ಅಷ್ಟು ಮಹತ್ವ ಬಂದದ್ದಕ್ಕೆ ಕಾರಣವಿತ್ತು. 1872ರಲ್ಲಿ ಸೌತ್ ಇಂಪ್ರೂವ್‌ಮೆಂಟ್ ಕಂಪನಿ ಎಂಬ ಹೆಸರಿನಲ್ಲಿ, ರಾಕ್‌ಫೆಲರ್ ಸೇರಿದಂತೆ ಕೆಲವು ಎಣ್ಣೆ ಸಂಸ್ಕರಣಕಾರರು ರೈಲು ಕಂಪನಿಗಳೊಡನೆ ಗುಟ್ಟಾಗಿ ಒಂದು ಒಪ್ಪಂದ ಮಾಡಿಕೊಂಡಿದ್ದರು. ತಮ್ಮ ಸಾಗಣೆಗೆ ರಿಯಾಯಿತಿ ಸಿಗುವುದಷ್ಟೇ ಅಲ್ಲ, ಪ್ರತಿಸ್ಪರ್ಧಿ ತನ್ನ ಎಣ್ಣೆ ಸಾಗಿಸಲು ಕೊಟ್ಟ ಬಾಡಿಗೆಯಲ್ಲಿಯೂ ಒಂದು ಪಾಲು ತಮ್ಮ ಕೈಸೇರಬೇಕು ಎಂಬುದು ಅದರ ಷರತ್ತು! ಜನರ ಆಕ್ರೋಶಕ್ಕೆ ಸಿಕ್ಕಿ ಆ ಯೋಜನೆ ಕೆಲವೇ ತಿಂಗಳಲ್ಲಿ ಮುರಿದುಬಿದ್ದರೂ ಗುಪ್ತ ರಿಯಾಯಿತಿಗಳು ನಿಲ್ಲಲಿಲ್ಲ. ಅವನ್ನು ತಡೆಯಲು 1903ರಲ್ಲಿ ಎಲ್ಕಿನ್ಸ್ ಕಾಯ್ದೆ, ಗರಿಷ್ಠ ದರ ನಿಗದಿಪಡಿಸುವ ಅಧಿಕಾರವನ್ನು ಆಯೋಗಕ್ಕೆ ಕೊಡಲು 1906ರಲ್ಲಿ ಹೆಪ್‌ಬರ್ನ್ ಕಾಯ್ದೆ ಬರಬೇಕಾಯಿತು. ಇಷ್ಟಾದರೂ ಉಕ್ಕಿನ ಕಂಪನಿಗಳು ಸಾಗಣೆ ದರವನ್ನೇ ಬೆಲೆಯ ಅಸ್ತ್ರ ಮಾಡಿಕೊಂಡವು. ಷಿಕಾಗೋದಲ್ಲಿ ತಯಾರಾದ ಉಕ್ಕನ್ನು ಷಿಕಾಗೋದಲ್ಲಿಯೇ ಕೊಂಡರೂ ಪಿಟ್ಸ್‌ಬರ್ಗಿನ ಬೆಲೆಯ ಜೊತೆಗೆ ಅಲ್ಲಿಂದ ಬಂದಷ್ಟು ರೈಲು ಬಾಡಿಗೆಯನ್ನೂ ಸೇರಿಸಿ ಬಿಲ್ಲು ಮಾಡುವ ಪದ್ಧತಿ ಬಹುಕಾಲ ನಡೆಯಿತು. ನಡೆಯದ ಪ್ರಯಾಣಕ್ಕೆ ಬಾಡಿಗೆ ವಸೂಲು ಮಾಡುವ ಈ ಪದ್ಧತಿಯನ್ನು ಕೈಬಿಡುವಂತೆ ಫೆಡರಲ್ ಟ್ರೇಡ್ ಕಮಿಷನ್ ಆದೇಶಿಸಿದ್ದು 1924ರಲ್ಲಿ.

ಬಳ್ಳಾರಿ ಸೀಮೆಯವರಿಗೆ ಇದು ದೂರದ ಕಥೆ ಎನಿಸಬೇಕಾಗಿಲ್ಲ. 1950ರ ದಶಕದಲ್ಲಿ ನಮ್ಮ ಸರ್ಕಾರವೇ ಸಾಗಣೆ ವೆಚ್ಚ ಸಮೀಕರಣ ನೀತಿಯನ್ನು ತಂದು, ಉಕ್ಕು ದೇಶದ ಎಲ್ಲ ರೈಲು ನಿಲ್ದಾಣಗಳಲ್ಲಿಯೂ ಒಂದೇ ಬೆಲೆಗೆ ಸಿಗುವಂತೆ ಮಾಡಿತು. ಉದ್ದೇಶ ಒಳ್ಳೆಯದೇ ಇದ್ದೀತು. ಫಲ ಮಾತ್ರ, ಅದಿರು ಮತ್ತು ಕಲ್ಲಿದ್ದಲು ಇರುವ ಪ್ರದೇಶಗಳಿಗೆ ನೆಲ ಕೊಟ್ಟ ಅನುಕೂಲ ಕಾಗದದ ಮೇಲೆ ಇಲ್ಲವಾದದ್ದು. ತೋರಣಗಲ್ಲಿನಲ್ಲಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಇಂದಿರಾ ಗಾಂಧಿಯವರು 1971ರಲ್ಲಿಯೇ ಅಡಿಗಲ್ಲು ಹಾಕಿದ್ದರೂ ಅಲ್ಲಿ ಉಕ್ಕು ತಯಾರಾದದ್ದು ಈ ನೀತಿ ರದ್ದಾದ ಮೇಲೆ, 1990ರ ದಶಕದಲ್ಲಿ ಖಾಸಗಿ ಕಂಪನಿ ಬಂದ ನಂತರ. ಸಮೀಕರಣವೊಂದೇ ಇದಕ್ಕೆ ಕಾರಣವೆಂದು ನಾನು ವಾದಿಸುವುದಿಲ್ಲ. ಆದರೆ ಕಾರ್ಖಾನೆ ಎಲ್ಲಿ ಏಳಬೇಕೆಂಬುದನ್ನು ಬಾಡಿಗೆಯ ಪಟ್ಟಿ ಎಷ್ಟು ದೂರ ಪ್ರಭಾವಿಸಬಲ್ಲದು ಎಂಬುದನ್ನು ನಾವು ಮರೆಯಬಾರದು.

ಅದಿರಿನ ವಿಷಯದಲ್ಲಂತೂ ನಮ್ಮ ಅನುಭವ ತೀರ ಹತ್ತಿರದ್ದು. 2008ರ ಮೇ ತಿಂಗಳಿನಿಂದ 2016ರ ಮೇ ತಿಂಗಳವರೆಗೆ ರೈಲ್ವೆಯು ಕಬ್ಬಿಣದ ಅದಿರಿಗೆ ಎರಡು ದರ ಇಟ್ಟಿತ್ತು: ದೇಶದೊಳಗಿನ ಕಾರ್ಖಾನೆಗೆ ಹೋಗುವುದಕ್ಕೆ ಕಡಿಮೆ, ರಫ್ತಿಗೆ ಹೋಗುವುದಕ್ಕೆ ಅದಕ್ಕಿಂತ ಬಹಳ ಹೆಚ್ಚು. ಅದೇ ಅದಿರು, ಅದೇ ವ್ಯಾಗನ್, ಅದೇ ಹಳಿ. ವ್ಯತ್ಯಾಸವೆಲ್ಲ ಕಳುಹಿಸುವವರು ಒಪ್ಪಿಸುವ ಪ್ರಮಾಣಪತ್ರದಲ್ಲಿ. ಇಂಥ ಕಡೆ ಸುಳ್ಳು ಕಾಗದ ಹುಟ್ಟದೆ ಇರುತ್ತದೆಯೇ? ಈ ವ್ಯವಸ್ಥೆಯ ದುರ್ಬಳಕೆಯನ್ನು ಮಹಾಲೇಖಪಾಲರ ವರದಿಯೇ ಎತ್ತಿ ತೋರಿಸಿತು. ರಫ್ತಿನ ಲಾಭದಲ್ಲಿ ರೈಲ್ವೆ ಪಾಲು ಕೇಳಿದ್ದು ಸರಿಯೇ ತಪ್ಪೇ ಎಂಬುದು ಬೇರೆ ಮಾತು. ನನ್ನ ಆಕ್ಷೇಪವಿರುವುದು, ಸಾಗಿಸುವವರೇ ದರ ನಿಗದಿಪಡಿಸಿ, ಸರಕಿನ ವರ್ಗೀಕರಣವನ್ನೂ ತಾವೇ ಮಾಡಿ, ತಪ್ಪಿದವರಿಗೆ ದಂಡವನ್ನೂ ತಾವೇ ಹಾಕಿದ ಬಗೆಗೆ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಮುಂಬಯಿ ಕಡೆಯಿಂದ ಬಂದ ಜಿ.ಐ.ಪಿ. (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆ ಮತ್ತು ಮದ್ರಾಸ್ ರೈಲ್ವೆಯ ಹಳಿಗಳು 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲಿಯೇ; ಬಂದರಿನತ್ತ ಹೋಗುವ ಹತ್ತಿಗೆ ಒಂದು ದರ, ಒಳನಾಡಿನಲ್ಲಿ ಓಡಾಡುವ ಸರಕಿಗೆ ಇನ್ನೊಂದು ದರ ಎಂಬ ದೂರು ಆ ಕಂಪನಿಗಳ ಕಾಲದಿಂದಲೂ ಇತ್ತು. 1890ರ ರೈಲ್ವೆ ಕಾಯ್ದೆ ಪಕ್ಷಪಾತವನ್ನು ನಿಷೇಧಿಸಿತು, 1926ರಲ್ಲಿ ದರ ಸಲಹಾ ಸಮಿತಿ ಬಂತು, ಸ್ವಾತಂತ್ರ್ಯಾನಂತರ 1949ರಲ್ಲಿ ರೈಲ್ವೆ ದರ ನ್ಯಾಯಮಂಡಳಿಯೂ ಬಂತು. ಈಗಿನ 1989ರ ಕಾಯ್ದೆಯ 36ನೇ ಕಲಮಿನ ಪ್ರಕಾರ ದರ ಅಸಮಂಜಸವೆಂದು ದೂರು ಕೊಡಬಹುದು. ಆದರೆ ಅದರ ಬೆನ್ನಿಗೇ ಇರುವ 37ನೇ ಕಲಮು ಸರಕಿನ ವರ್ಗೀಕರಣ, ವಾರ್ಫೇಜ್ (ಸರಕನ್ನು ಗಡುವು ಮೀರಿ ರೈಲ್ವೆಯ ಜಾಗದಲ್ಲಿ ಬಿಟ್ಟದ್ದಕ್ಕೆ ಶುಲ್ಕ), ಡೆಮರೇಜ್ (ವ್ಯಾಗನ್‌ಗಳನ್ನು ಗಡುವು ಮೀರಿ ನಿಲ್ಲಿಸಿಕೊಂಡದ್ದಕ್ಕೆ ಶುಲ್ಕ) ಇವನ್ನೆಲ್ಲ ನ್ಯಾಯಮಂಡಳಿಯ ವ್ಯಾಪ್ತಿಯಿಂದ ಹೊರಗಿಡುತ್ತದೆ. ಯಾವ ವರ್ಗಕ್ಕೆ ಸೇರಿಸುತ್ತಾರೆ ಎಂಬುದರ ಮೇಲೆಯೇ ದರ ನಿಂತಿರುವಾಗ, ಅದನ್ನು ಪ್ರಶ್ನಿಸಬೇಡಿ, ದರವನ್ನಷ್ಟೇ ಪ್ರಶ್ನಿಸಿ ಎನ್ನುವುದು ಯಾವ ನ್ಯಾಯ? 2017ರಲ್ಲಿ ಆ ದರ ನ್ಯಾಯಮಂಡಳಿಯನ್ನೂ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ನಲ್ಲಿ ವಿಲೀನಗೊಳಿಸಲಾಯಿತು. ಕಳೆದುಹೋದ ಸರಕು, ಅಪಘಾತದ ಪರಿಹಾರ ಇವುಗಳ ಅರ್ಜಿ ವಿಚಾರಿಸುವ ಪೀಠಕ್ಕೆ ಸಾಗಣೆಯ ಅರ್ಥಶಾಸ್ತ್ರವೂ ಹೆಚ್ಚುವರಿ ಹೊಣೆಯಾಗಿ ಬಂತು. ಅದೇ ವರ್ಷದ ಏಪ್ರಿಲ್‌ನಲ್ಲಿ ಕೇಂದ್ರ ಸಚಿವ ಸಂಪುಟ ರೈಲು ಅಭಿವೃದ್ಧಿ ಪ್ರಾಧಿಕಾರಕ್ಕೆ ಒಪ್ಪಿಗೆ ಕೊಟ್ಟಿತಾದರೂ ಅದಕ್ಕೆ ಗೊತ್ತುಮಾಡಿದ್ದು ಸಲಹೆ ನೀಡುವ ಪಾತ್ರವನ್ನಷ್ಟೇ.

ಇದೆಲ್ಲದರ ಪರಿಣಾಮವನ್ನು ನೋಡಬೇಕಾದರೆ ನಮ್ಮ ಭಾಗದ ಯಾವುದಾದರೂ ಗೂಡ್ಸ್ ಶೆಡ್ಡಿಗೆ ರೇಕ್, ಅಂದರೆ ಒಂದು ಗೂಡ್ಸ್ ರೈಲಿನ ವ್ಯಾಗನ್‌ಗಳ ಸಾಲು, ಬಂದ ದಿನ ಹೋಗಿ ನಿಲ್ಲಬೇಕು. ಪೂರ್ಣ ರೇಕ್ ಎಂದರೆ 2,500 ಟನ್ನಿಗೂ ಹೆಚ್ಚು ಸರಕು. ವ್ಯಾಗನ್‌ಗಳು ಹಳಿಗೆ ಬಂದು ನಿಂತ ಗಳಿಗೆಯಿಂದ ಗಡಿಯಾರ ಓಡತೊಡಗುತ್ತದೆ. ರಾತ್ರಿಯಾಗಲಿ, ಮಳೆಯಾಗಲಿ, ಲಾರಿಗಳು ಗೇಟಿನಾಚೆ ಸಾಲುಗಟ್ಟಿರಲಿ, ಕೊಟ್ಟ ಗಂಟೆಗಳೊಳಗೆ ಹಮಾಲರು ಚೀಲಗಳನ್ನು ಹೊತ್ತು ತುಂಬದಿದ್ದರೆ ಡೆಮರೇಜ್ ಬೀಳುತ್ತದೆ. ದಿನಕ್ಕೆ ಕೆಲವು ಟನ್ ಅಕ್ಕಿ ಮಾಡುವ ಸಣ್ಣ ಗಿರಣಿಯವರು ಇಷ್ಟೊಂದು ಸರಕನ್ನು ಒಟ್ಟು ಮಾಡುವುದೆಲ್ಲಿಂದ? ಮಿನಿ ರೇಕ್ ಎಂಬ ಸೌಲಭ್ಯವಿದೆ, ಆದರೆ ಅದೂ ಇಪ್ಪತ್ತು ವ್ಯಾಗನ್‌ಗಳ ಮಾತು. ಹೀಗಾಗಿ ಅವರು ಲಾರಿಯನ್ನೇ ನಂಬಬೇಕು, ದೊಡ್ಡವರು ರೈಲಿನ ಅಗ್ಗದ ದರದಲ್ಲಿ ದೂರದ ಮಾರುಕಟ್ಟೆಗೆ ತಲುಪಬೇಕು. 2024ರಲ್ಲಿ ಸಿಂಧನೂರಿನವರೆಗೆ ರೈಲು ಬಂದದ್ದು ನಮಗೆಲ್ಲ ಸಂತೋಷದ ಸಂಗತಿ, ಆದರೆ ಹಳಿ ಬಂದ ಮಾತ್ರಕ್ಕೆ ಈ ಅಂತರ ಕಡಿಮೆಯಾಗದು. ನಿಯಮ ವ್ಯಾಪಾರವನ್ನು ಹೇಗೆ ತಿದ್ದುತ್ತದೆ ಎಂಬುದನ್ನು ನಾವು ನೋಡಿಯೇ ಇದ್ದೇವೆ: 2022ರ ಜುಲೈನಲ್ಲಿ 25 ಕೆ.ಜಿ.ವರೆಗಿನ ಲೇಬಲ್ ಹಚ್ಚಿದ ಅಕ್ಕಿ ಚೀಲಕ್ಕೆ ಜಿ.ಎಸ್.ಟಿ. ಹಾಕಿದ ಕೂಡಲೇ ಅಂಗಡಿಗಳಲ್ಲಿ 26 ಕೆ.ಜಿ. ಚೀಲಗಳು ಕಾಣಿಸಿಕೊಂಡವು. ಯಾವ ಮಾರ್ಕೆಟಿಂಗ್ ಪಂಡಿತರೂ ಆ ಸಲಹೆ ಕೊಟ್ಟಿರಲಿಲ್ಲ.

ನಿಯಂತ್ರಣ ಬಿಗಿಯಾದಷ್ಟೂ ಒಳ್ಳೆಯದು ಎಂಬ ಭ್ರಮೆ ನನಗಿಲ್ಲ. ಅಮೆರಿಕದ ಆಯೋಗ ಕಾಲಕ್ರಮದಲ್ಲಿ ಸಣ್ಣಪುಟ್ಟ ದರ ಬದಲಾವಣೆಯನ್ನೂ ತಡೆದು ರೈಲು ಕಂಪನಿಗಳ ಉಸಿರು ಕಟ್ಟಿಸಿತೆಂಬ ಟೀಕೆಯಲ್ಲಿ ಹುರುಳಿದೆ. 1980ರ ಸ್ಟ್ಯಾಗರ್ಸ್ ಕಾಯ್ದೆ ಆ ಬಿಗಿಯನ್ನು ಸಡಿಲಿಸಿತು, 1995ರ ಕೊನೆಗೆ ಆಯೋಗವನ್ನೇ ಮುಚ್ಚಲಾಯಿತು. ಆದರೂ ಒಂದೇ ರೈಲು ಮಾರ್ಗವನ್ನು ನಂಬಿದ ಗ್ರಾಹಕರು ದರವನ್ನು ಪ್ರಶ್ನಿಸುವ ಹಕ್ಕನ್ನು ಅಮೆರಿಕದವರು ಉಳಿಸಿಕೊಂಡು, ಅದನ್ನು ವಿಚಾರಿಸಲು ಸರ್ಫೇಸ್ ಟ್ರಾನ್ಸ್‌ಪೋರ್ಟೇಶನ್ ಬೋರ್ಡ್ ಎಂಬ ಬೇರೆ ಸಂಸ್ಥೆಯನ್ನು ಮಾಡಿಕೊಂಡರು. ಇಡೀ ದೇಶಕ್ಕೆ ಒಂದೇ ರೈಲ್ವೆ ಇರುವ ನಮ್ಮಲ್ಲಿ ಆ ಹಕ್ಕಿನ ಅಗತ್ಯ ಇನ್ನೂ ಹೆಚ್ಚು.

ಆದ್ದರಿಂದ ಕೊಪ್ಪಳ, ರಾಯಚೂರು, ಬಳ್ಳಾರಿ ಕ್ಷೇತ್ರಗಳ ಸಂಸದರು ಹೊಸ ರೈಲಿನ ಬೇಡಿಕೆಯ ಜೊತೆಗೆ ಈ ಎರಡು ವಿಷಯಗಳನ್ನೂ ಸಂಸತ್ತಿನಲ್ಲಿ ಎತ್ತಬೇಕೆಂದು ಕೋರುತ್ತೇನೆ. 37ನೇ ಕಲಮನ್ನು ತಿದ್ದಿ ಸರಕಿನ ವರ್ಗೀಕರಣವನ್ನೂ ಡೆಮರೇಜನ್ನೂ ರೈಲ್ವೆಯ ಅಧೀನದಲ್ಲಿಲ್ಲದ ದರ ನಿಯಂತ್ರಕರ ವಿಚಾರಣೆಗೆ ಒಳಪಡಿಸಬೇಕು. ಯಾವ ಗೂಡ್ಸ್ ಶೆಡ್ಡಿನಲ್ಲಿ ಯಾರಿಗೆ ಯಾವ ದಿನ ರೇಕ್ ಮಂಜೂರಾಯಿತು, ಯಾವ ರಿಯಾಯಿತಿ ಸಿಕ್ಕಿತು ಎಂಬ ವಿವರವನ್ನು ಆ ಶೆಡ್ಡಿನ ಫಲಕದ ಮೇಲೆ ಕನ್ನಡದಲ್ಲಿ, ಎಲ್ಲ ವರ್ತಕರಿಗೂ ರೈತ ಉತ್ಪಾದಕ ಕಂಪನಿಗಳಿಗೂ ಕಾಣುವಂತೆ ಪ್ರಕಟಿಸಬೇಕು. ಎರಡನೆಯದಕ್ಕೆ ಕಾನೂನಿನ ತಿದ್ದುಪಡಿಯೂ ಬೇಕಾಗಿಲ್ಲ, ವಿಭಾಗೀಯ ಕಚೇರಿಯ ಒಂದು ಸುತ್ತೋಲೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಾಣಿಜ್ಯಶಾಸ್ತ್ರ ಉಪನ್ಯಾಸಕ,
ಗಂಗಾವತಿ, ಕೊಪ್ಪಳ ಜಿಲ್ಲೆ