ಕಿಂಡಿ ಇದ್ದರೆ ಅದು ಟನಲಿಂಗ್ ಅಲ್ಲ

ನಿನ್ನೆ ದಾವಣಗೆರೆಯಲ್ಲಿ ನನ್ನ ಎಂ.ಎಸ್ಸಿ. ಸೆಮಿನಾರ್ ಮುಗಿಯಿತು. ಪಾಸ್! ಮೊದಲ ಸಲ ಬಾಯಿ ಒಣಗಿ ಅರ್ಧಕ್ಕೇ ನಿಂತು, ಆಮೇಲೆ ಎರಡು ವಾರ ಕ್ಲಾಸಿನ ಕಡೆ ತಲೆ ಹಾಕದವನು ನಾನು. ಹಾಗಾಗಿ ಈ ಥ್ಯಾಂಕ್ಸ್ ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ವಿಷಯ, ಕ್ವಾಂಟಮ್ ಟನಲಿಂಗ್ (ಹಾರಿ ದಾಟುವಷ್ಟು ಶಕ್ತಿ ಇಲ್ಲದಿದ್ದರೂ ಕಣ ತಡೆಗೋಡೆಯ ಆಚೆ ಬಂದುಬಿಡುವುದು) ಬಗ್ಗೆ 2025ರ ಭೌತಶಾಸ್ತ್ರ ನೊಬೆಲ್ ಬಂದ ಪ್ರಯೋಗ. 1984-85ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಜಾನ್ ಕ್ಲಾರ್ಕ್, ಮಿಶೆಲ್ ಡೆವೊರೆ, ಜಾನ್ ಮಾರ್ಟಿನಿಸ್ ಮಾಡಿದ್ದು. ನಾನು ಮಂಕಾಗಿ ಕೂತಿದ್ದು ನೋಡಿ, ಚಿತ್ರದುರ್ಗದ ಹತ್ತಿರ ಹೈಸ್ಕೂಲ್ ಮೇಷ್ಟ್ರಾಗಿರುವ ನಮ್ಮ ಮಾವ "ಬಾರೋ, ನಮ್ಮ ಮಕ್ಕಳಿಗೆ ಹೇಳು" ಎಂದು ಎಳೆದುಕೊಂಡು ಹೋದರು. ನಾನೂ ಜಾಣತನ ತೋರಿಸಲು ಹೋಗಿ, ಕ್ವಾಂಟಮ್ ಟನಲಿಂಗ್ ಅಂದರೆ ಕೋಟೆ ಗೋಡೆಯಲ್ಲಿ ಓಬವ್ವನ ಕಿಂಡಿ ಇದ್ದ ಹಾಗೆ ಎಂದೆ. ಒಂಬತ್ತನೇ ಕ್ಲಾಸಿನ ಹುಡುಗಿ ಎದ್ದು ನಿಂತಳು. "ಅಣ್ಣಾ, ಕಿಂಡಿ ಇದ್ದರೆ ನುಸುಳುವುದೇನು ದೊಡ್ಡದು? ಹೈದರಾಲಿ ಸೈನಿಕರೂ ನುಸುಳಿದರಲ್ಲ!"

ಸೆಮಿನಾರ್‌ನಲ್ಲಿ ನನ್ನ ಬಾಯಿ ಕಟ್ಟಿಸಿದ್ದೂ ಹೆಚ್ಚುಕಮ್ಮಿ ಇದೇ ಪ್ರಶ್ನೆ. ಟನಲಿಂಗ್ ಆಗಿಯೇ ಆಚೆ ಬಂತು, ಬೇರೆ ದಾರಿಯಲ್ಲಿ ಬಂದಿಲ್ಲ ಎಂದು ಹೇಗೆ ಗೊತ್ತು?

ಎರಡು ಸೂಪರ್‌ಕಂಡಕ್ಟರ್ (ತಡೆಯೇ ಇಲ್ಲದೆ ಕರೆಂಟ್ ಹರಿಯಬಿಡುವ ವಸ್ತು) ನಡುವೆ ತೆಳುವಾದ ಇನ್ಸುಲೇಟರ್, ಅದು ಜೋಸೆಫ್ಸನ್ ಜಂಕ್ಷನ್. ಕರೆಂಟ್ ಹರಿಯುತ್ತದೆ, ವೋಲ್ಟೇಜ್ ಸೊನ್ನೆ. ಗುಂಡಿಯಲ್ಲಿ ಕೂತ ಗೋಲಿ ಎಂದುಕೊಳ್ಳಿ, ಗೋಲಿ ಹೊರಬಿದ್ದರೆ ವೋಲ್ಟೇಜ್ ಕಾಣುತ್ತದೆ. ಬಿಸಿ ಇದ್ದರೆ ಅಲುಗಾಡಿ ಅಂಚು ಹಾರಬಹುದು. ತಣ್ಣಗೆ ಮಾಡುತ್ತ ಹೋದರೆ ಹಾರುವುದು ಕಡಿಮೆಯಾಗುತ್ತಲೇ ಹೋಗಬೇಕು, ಅಲ್ವಾ? ಹೋಗಲಿಲ್ಲ! ಪರಮ ಶೂನ್ಯ ತಾಪದ ಹತ್ತಿರಕ್ಕೆ, ಹತ್ತಾರು ಮಿಲಿಕೆಲ್ವಿನ್‌ವರೆಗೆ ಇಳಿಸಿದರೂ ಹೊರಬೀಳುವ ವೇಗ ಒಂದು ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ಹೊರಗಿನ ಮೈಕ್ರೋವೇವ್ ಗದ್ದಲ ಗೋಲಿಯನ್ನು ತಳ್ಳದಂತೆ ಫಿಲ್ಟರ್ ಮೇಲೆ ಫಿಲ್ಟರ್ ಹಾಕಿದ್ದರು, ಅಂದರೆ ಇದ್ದಬದ್ದ ಕಿಂಡಿಗಳನ್ನು ಮುಚ್ಚುವುದೇ ಅವರ ಅರ್ಧ ಕೆಲಸ. ಎಲ್ಲ ಮುಚ್ಚಿದ ಮೇಲೂ ದಾಟಿತು, ಅದೇ ಟನಲಿಂಗ್. ಅದೂ ಒಂದು ಎಲೆಕ್ಟ್ರಾನ್ ಅಲ್ಲ, ಕೋಟಿಗಟ್ಟಲೆ ಎಲೆಕ್ಟ್ರಾನ್ ಜೋಡಿಗಳ ಇಡೀ ಗುಂಪು ಒಂದೇ ಕಣದ ಹಾಗೆ. ನಿನ್ನೆ ಇದನ್ನೇ ಹೇಳಿದೆ, ಕಿಂಡಿ ಮುಚ್ಚುವ ಕತೆಯನ್ನೂ ಸೇರಿಸಿ.

ರಾತ್ರಿ ಹನ್ನೆರಡಕ್ಕೂ ಎದ್ದು ಕೂತು ನನ್ನ ಸ್ಲೈಡ್ ಕೇಳಿಸಿಕೊಂಡ ರೂಮ್‌ಮೇಟ್‌ಗೆ (ಅವನು ಕಾಮರ್ಸ್, ಪಾಪ), ಫೇಲ್ ಆದ ದಿನ ಏನೂ ಕೇಳದೆ ಸುಮ್ನೆ ಊಟಕ್ಕೆ ಕರೆದ ಅಪ್ಪನಿಗೆ, ಮಾವನಿಗೆ ಥ್ಯಾಂಕ್ಸ್. ಆ ಹುಡುಗಿಯ ಹೆಸರು ಕೇಳುವುದನ್ನೇ ಮರೆತಿದ್ದೇನೆ. ಮಾವ, ಶನಿವಾರ ಬರುತ್ತೇನೆ. ಇಡೀ ಕ್ಲಾಸಿಗೆ ಬೆಣ್ಣೆ ದೋಸೆ ನನ್ನ ಕೈಲಾಗದು, ಮಂಡಕ್ಕಿ ಮಿರ್ಚಿ ಮಾತ್ರ ನನ್ನ ಲೆಕ್ಕ.