ಹೆಬ್ಬೆಟ್ಟಿನ ಲೆಕ್ಕ

ಪ್ರೀತಿಯ ಪೂವಯ್ಯ,

ಮಳೆ ಇನ್ನೂ ಬಿಟ್ಟಿಲ್ಲ. ಕರೆಂಟ್ ಬಂದರೆ ಹಬ್ಬ. ಮೊನ್ನೆ ನಮ್ಮ ಕೊಡಗಿನ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಮಾಡಿದ್ದರು. ಮಾರನೇ ದಿನ ಬೆಳಿಗ್ಗೆ ಮೂತ್ರ ಕೆಂಪಗೆ ಬಂದಾಗ ನಮ್ಮ ಹಾಸ್ಟೆಲ್ ವಾರ್ಡನ್ ನೆನಪಾದರು. ನಿನಗೂ ಆಗಿರಬೇಕು, ಅಲ್ವಾ?

ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ. ‘ಜೈಲಲ್ಲಿರೋರಿಗೆ ಓದಿಸೋಕೆ ನಮ್ಮ ತೆರಿಗೆ ದುಡ್ಡು ಯಾಕೆ ಮಾರಾಯ?’ ಅಂದೆ. ಇದೇ ಮಾತನ್ನು ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದೇನೆ, ಮದುವೆ ಊಟದ ಪಂಕ್ತಿಯಲ್ಲೂ ಕೇಳಿದ್ದೇನೆ. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ.

ನಿನಗೆ ಗೊತ್ತಲ್ಲ, ತೋಟದ ಕೆಲಸ ಬಿಟ್ಟ ಮೇಲೆ ವಾರಕ್ಕೆ ಎರಡು ದಿನ ಮಡಿಕೇರಿಯ ಜೈಲಿಗೆ ಹೋಗುತ್ತೇನೆ. ಒಳಗಿರುವವರಲ್ಲೇ ಓದು ಬಲ್ಲವರು ಉಳಿದವರಿಗೆ ಕಲಿಸುತ್ತಾರೆ. ನಾನು ಜೊತೆಗೆ ಕೂರುತ್ತೇನೆ, ಅಷ್ಟೇ. ಅಕ್ಷರ, ಕೂಡುವುದು, ಕಳೆಯುವುದು, ರುಜು ಹಾಕುವುದು. ಇದಕ್ಕಿಂತ ಮುಂದೆ ಓದುವವರಿಗೂ ದಾರಿ ಇದೆ. ಮನೆಯಲ್ಲೇ ಕೂತು ಓದಿಸುವ ಮುಕ್ತ ವಿಶ್ವವಿದ್ಯಾಲಯ ಇಗ್ನೋದವರು ಕೈದಿಗಳಿಂದ ಶುಲ್ಕ ತೆಗೆದುಕೊಳ್ಳುವುದಿಲ್ಲ. ದೆಹಲಿಯ ತಿಹಾರ್ ಜೈಲಿನೊಳಗೆ ಅವರ ಕೇಂದ್ರ ಶುರುವಾಗಿದ್ದು 1994ರಲ್ಲಿ. ಅದೇ ವರ್ಷ ಅಮೆರಿಕದಲ್ಲಿ ನಿನ್ನಂತೆಯೇ ವಾದ ಮಾಡಿ, ಕೈದಿಗಳಿಗೆ ಕಾಲೇಜು ಓದಲು ಸಿಗುತ್ತಿದ್ದ ಸರ್ಕಾರಿ ಸಹಾಯಧನ ನಿಲ್ಲಿಸಿದರು. ಅದು ಪೂರ್ತಿಯಾಗಿ ವಾಪಸ್ ಬರಲು 2023 ಆಯಿತು. ನಡುವೆ 2013ರಲ್ಲಿ ಅಲ್ಲಿನ ರ್‍ಯಾಂಡ್ ಎಂಬ ಸಂಶೋಧನಾ ಸಂಸ್ಥೆಯವರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದ್ದರು. ಒಳಗೆ ಓದಿದವರು ಮತ್ತೆ ಜೈಲು ಸೇರುವ ಸಾಧ್ಯತೆ 43% ಕಡಿಮೆ ಇತ್ತು. ಓದಿಸಲು ಒಂದು ಡಾಲರ್ ಹಾಕಿದರೆ, ಮತ್ತೆ ಜೈಲಿನಲ್ಲಿಟ್ಟು ಸಾಕುವ ಖರ್ಚಿನಲ್ಲಿ ನಾಲ್ಕೈದು ಡಾಲರ್ ಉಳಿಯುತ್ತದೆ ಎಂದರು.

ಇನ್ನೊಂದು ಮಾತು. ಜೈಲಲ್ಲಿರುವವರೆಲ್ಲ ಅಪರಾಧಿಗಳು ಅಂತ ನಾವು ಅಂದುಕೊಳ್ಳುತ್ತೇವೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಜನ. ಅವರಲ್ಲಿ 4,34,302 ಜನರ ಕೇಸು ಇನ್ನೂ ನಡೆಯುತ್ತಿತ್ತು. ತೀರ್ಪೇ ಬಂದಿಲ್ಲ.

ನಮ್ಮ ತರಗತಿಯಲ್ಲಿ ಅಂಥವನೊಬ್ಬ ಇದ್ದಾನೆ. ಏನು ಕೇಸು ಅಂತ ನಾನು ಕೇಳಿಲ್ಲ, ಯಾರನ್ನೂ ಕೇಳುವುದಿಲ್ಲ. ಪೆನ್ಸಿಲನ್ನು ಅವನು ಕತ್ತಿ ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿಯುತ್ತಿದ್ದ. ಒತ್ತಿ ಬರೆದರೆ ಹಾಳೆ ಹರಿದೇ ಹೋಗುತ್ತಿತ್ತು. ಸ್ಟೇಷನ್ನಿನ ಕಾಗದಕ್ಕೂ ವಕೀಲರ ಕಾಗದಕ್ಕೂ ಹೆಬ್ಬೆಟ್ಟು ಒತ್ತಿ ಒಳಗೆ ಬಂದವನು. ಈಗ ತನ್ನ ಕೇಸಿನ ನಂಬರ್ ಓದುತ್ತಾನೆ. ಮುಂದಿನ ವಾಯಿದೆ ಯಾವತ್ತು ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಮೊದಲ ದಿನವೇ ಅವನು ನನ್ನನ್ನು ‘ರೈಟ್ರೇ’ ಅಂದ. ಪೂವಯ್ಯ, ನಾನು ಕೂಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ತೋಟದಲ್ಲೇ, ಆಳುಗಳ ಲೈನ್ ಮನೆಯಲ್ಲಿ ಇದ್ದವನು ಅವನು. ಬಟವಾಡೆ ದಿನ ಸಾಲಿನಲ್ಲಿ ನಿಂತು, ನಾನು ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತಿ ಹೋಗುತ್ತಿದ್ದವನು.

ಕಳೆದ ಮಂಗಳವಾರ ನೂರರ ಲೆಕ್ಕ ಹೇಳಿಕೊಡುತ್ತಿದ್ದೆವು. ಅವನು ಒಂದು 5 ಬರೆದ. ಯೋಚನೆ ಮಾಡಿ ಎರಡು ಸೊನ್ನೆ ಹಾಕಿದ. ಆಮೇಲೆ ಹಾಳೆಯನ್ನು ನನ್ನ ಕಡೆ ತಿರುಗಿಸಿ, ‘ರೈಟ್ರೇ, ನನ್ನ ಹೆಂಡತಿ ಬಾಣಂತನಕ್ಕೆ ಕೊಟ್ಟ ಮುಂಗಡ ಹಿಂಗೇ ಬರೆದಿದ್ರಾ?’ ಅಂತ ಕೇಳಿದ.

‘ಹೌದು, ಹಿಂಗೇ’ ಅಂದೆ. ಎದ್ದು ಬೋರ್ಡ್ ಒರೆಸಲು ಹೋದೆ.

ಆ 500 ರೂಪಾಯಿಯನ್ನು ನಾನು ಎರಡು ಸಲ ಬರೆದಿದ್ದೆ. ಬೇಕಂತ ಅಲ್ಲ. ಕಾಫಿ ಕುಯ್ಯುವ ಸಮಯ, ಸಾಲಿನಲ್ಲಿ ಅರವತ್ತು ಜನ, ಸೀಮೆಎಣ್ಣೆ ದೀಪ. ತಿಂಗಳ ಕೊನೆಗೆ ಲೆಕ್ಕ ಕೂಡುವಾಗ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಎರಡೂ ಅವನ ಕೂಲಿಯಲ್ಲಿ ಮುರಿದಾಗಿತ್ತು. ತಿದ್ದಿದರೆ ಧಣಿಗಳ ಎದುರು ತಪ್ಪು ಒಪ್ಪಿಕೊಳ್ಳಬೇಕು. ಪುಸ್ತಕ ಮುಚ್ಚಿಟ್ಟೆ. ದುಡ್ಡು ನನ್ನ ಜೇಬಿಗೆ ಬರಲಿಲ್ಲವಲ್ಲ ಅಂತ ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಎರಡೂ ಸಾಲಿನ ಪಕ್ಕ ಅವನ ಹೆಬ್ಬೆಟ್ಟು ಇತ್ತು. ಕಾನೂನಿನ ಪ್ರಕಾರ ಎಲ್ಲ ಸರಿ.

ಅವನಿಗೆ ಗೊತ್ತಿದ್ದು ಕೇಳಿದನೋ, ಸುಮ್ನೆ ಕೇಳಿದನೋ, ತಿಳಿಯಲಿಲ್ಲ. ಅವತ್ತಿನಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ. ಓದು ಬರದವನ ಮೈ ಬೆವರಿನ ದುಡ್ಡನ್ನು ಓದು ಬಂದ ನಾವು ಎಷ್ಟು ತಿಂದಿದ್ದೇವೋ. ತೆರಿಗೆ ದುಡ್ಡು ಯಾರದ್ದು ಅಂತ ನೀನು ಕೇಳಿದೆಯಲ್ಲ, ಆ 500 ಯಾರದ್ದು ಅಂತ ನಾನು ಯಾರನ್ನು ಕೇಳಲಿ?

ಇಷ್ಟೆಲ್ಲ ಬರೆಯಬೇಕು ಅಂತ ಕೂತವನಲ್ಲ. ಇಂಗ್ಲಿಷ್ ಪದ ಹಾಕಿ ಎರಡು ಅಂಕಿ ಹೇಳಿ ಮುಗಿಸೋಣ ಅಂತಿದ್ದೆ. ಬರೆದದ್ದನ್ನು ಅಳಿಸುವುದಿಲ್ಲ. ನಾಳೆ ಮತ್ತೆ ತರಗತಿ ಇದೆ. ಅವನ ಪಕ್ಕ ಕೂತು ಹೇಳಬೇಕು.

ಸರಿ, ನೀನು ಹುತ್ತರಿ ಹಬ್ಬಕ್ಕಾದರೂ ಬಾ. ಬರುವಾಗ ಮೈಸೂರಿನಿಂದ ದಪ್ಪ ಪೆನ್ಸಿಲ್ ಎರಡು ಡಜನ್, ಚೌಕುಳಿ ಪುಸ್ತಕ ಒಂದಿಷ್ಟು ತಾ. ದುಡ್ಡು ನಾನು ಕೊಡುತ್ತೇನೆ. ಬಸ್ಸಿನಿಂದ ಇಳಿಯುವಾಗ ಈ ಸಲವಾದರೂ ನಿನ್ನದೇ ಕೊಡೆ ತೆಗೆದುಕೊಂಡು ಇಳಿ. ಗೋಣಿಕೊಪ್ಪದ ಆ ಅಕ್ಕ ಇನ್ನೂ ಕೇಳುತ್ತಾರೆ.

ನಿನ್ನ,
ರೈಟರ್